ತೊಟ್ಟಿ ಬೇಕೋ, ತೊಟ್ಟಿಯ ತಂಪು ಬೇಕೋ?

ಪ್ರಶ್ನೆ: ನಾವು ಗಂಡ-ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅತ್ತೆ. 12 ಮೀಟರ್ ಅಗಲ, 18 ಮೀಟರ್ ಉದ್ದದ ನಿವೇಶನವಿದೆ. ರಸ್ತೆ ಪಶ್ಚಿಮಕ್ಕೆ. ಹಳೆಯ ತೊಟ್ಟಿ ಮನೆಯ ಹಾಗೆ ನಡುವೆ ಅಂಗಳ, ಸುತ್ತ ಮರದ ಕಂಬ, ಹೆಂಚಿನ ಮಾಡು, ದಪ್ಪ ಗೋಡೆ ಇಟ್ಟು ಎರಡಂತಸ್ತು ಕಟ್ಟಿದರೆ ಎ.ಸಿ. ಇಲ್ಲದೆ ಇರಬಹುದು ಎಂಬ ಆಸೆ. ಬೇಸಿಗೆಯಲ್ಲಿ ಹಗಲು 38 ಡಿಗ್ರಿ, ರಾತ್ರಿ 24ರ ಆಸುಪಾಸು, ಆಮೇಲೆ ಮೂರ್ನಾಲ್ಕು ತಿಂಗಳು ಮಳೆ. ಮಳೆ, ಸೊಳ್ಳೆ, ಕಳ್ಳರ ಭಯಕ್ಕೆ ತೊಟ್ಟಿಯ ಮೇಲೆ ಗಾಜು ಮುಚ್ಚುವ ಯೋಚನೆ ಇದೆ. ನಮ್ಮ ದಾರಿ ಸರಿಯೇ?

ಉತ್ತರ:

ಗಾಜಿನ ಮಾತು ಮೊದಲೇ ಹೇಳಿಬಿಡುತ್ತೇನೆ: ಬೇಡ. ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಪಟ್ಟಿಯ ಕ್ರಮವನ್ನೇ ಸ್ವಲ್ಪ ಅಲುಗಾಡಿಸಬೇಕಾಗಿದೆ. ನೀವು ತೊಟ್ಟಿ, ಕಂಬ, ಹೆಂಚು, ದಪ್ಪ ಗೋಡೆ ಎಂದು ಬರೆದಿದ್ದೀರಿ. ನಾನಾದರೆ ತಾರಸಿ, ಪಶ್ಚಿಮದ ಗೋಡೆ, ಕಿಟಕಿ, ರಾತ್ರಿಯ ಗಾಳಿ ಎಂದು ಬರೆದು, ದುಡ್ಡೂ ಜಾಗವೂ ಮಿಕ್ಕರೆ ತೊಟ್ಟಿ ಎನ್ನುತ್ತೇನೆ. ಕಂಬ ನಿಮ್ಮಿಷ್ಟ. ಅದರಿಂದ ಅರ್ಧ ಡಿಗ್ರಿಯೂ ಇಳಿಯುವುದಿಲ್ಲ.

ವೃತ್ತಿಯ ಶುರುವಿನಲ್ಲಿ ನಾನೇ ಒಂದು ಮನೆಗೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಹಾಕಿಸಿದ್ದೆ. ನೋಡಿದವರೆಲ್ಲ ಹೊಗಳಿದರು. ಬೇಸಿಗೆ ಬಂತು, ಹಿಂದೆಯೇ ಮನೆಯವರ ಫೋನೂ ಬಂತು: ‘ಸಾರ್, ಹಗಲು ಪರವಾಗಿಲ್ಲ, ರಾತ್ರಿ ಮಲಗೋಕೆ ಆಗ್ತಿಲ್ಲ.’ ಹೋಗಿ ನೋಡಿದರೆ, ಕತ್ತಲಾಗುತ್ತಿದ್ದಂತೆ ಅವರು ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಮುಚ್ಚುತ್ತಿದ್ದರು. ಕಾರಣ ನಿಮ್ಮದೇ: ಸೊಳ್ಳೆ ಮತ್ತು ಕಳ್ಳ. ಬೆಳಿಗ್ಗೆ ಎದ್ದು ‘ಗಾಳಿಯಾಡಲಿ’ ಎಂದು ಎಲ್ಲವನ್ನೂ ತೆರೆದಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಹಗಲೆಲ್ಲ ಬಿಸಿ ಕುಡಿದ ಗೋಡೆ ರಾತ್ರಿ ಅದನ್ನು ಹೊರಗೆ ಬಿಡಲು ದಾರಿಯಿಲ್ಲದೆ ಮಲಗಿದವರ ಮೈಮೇಲೆ ಬಿಡುತ್ತಿತ್ತು. ತಪ್ಪು ಅವರದಲ್ಲ, ನನ್ನದು. ರಾತ್ರಿ ಹೆದರಿಕೆಯಿಲ್ಲದೆ ತೆರೆದಿಡಬಹುದಾದ ಒಂದು ಕಿಟಕಿಯನ್ನೂ ನಾನು ಕೊಟ್ಟಿರಲಿಲ್ಲ.

ಹಳೆಯ ಮನೆಗಳ ಫೋಟೋದಲ್ಲಿ ಕಾಣದ ಸಂಗತಿ ಇದೇ. ಆ ಮನೆಗಳನ್ನು ದಿನವಿಡೀ ಯಾರಾದರೂ ನಡೆಸುತ್ತಿದ್ದರು. ಬಿಸಿಲೇರುವ ಮೊದಲು ಬಾಗಿಲು ಓರೆಯಾಗುತ್ತಿತ್ತು, ಇಳಿಹೊತ್ತಿಗೆ ಅಂಗಳಕ್ಕೆ ನೀರು ಬೀಳುತ್ತಿತ್ತು, ಸೆಕೆ ಹೆಚ್ಚಾದರೆ ಹಾಸಿಗೆಯೇ ಜಗಲಿಗೆ ಬರುತ್ತಿತ್ತು. ಮನೆಯಲ್ಲಿ ಸದಾ ನಾಲ್ಕು ಜನ ಇರುತ್ತಿದ್ದರು, ಅದಕ್ಕೇ ನಡೆಯಿತು. ನಿಮ್ಮ ಮನೆಯಲ್ಲಿ ಹಗಲು ಇರುವುದು ಬಹುಶಃ ಅತ್ತೆಯವರೊಬ್ಬರೇ. ಹಾಗಾಗಿ ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಕೈಯಾಡಿಸಿದರೆ ಸಾಕು ಎನ್ನುವಂಥ ಮನೆ ನಿಮಗೆ ಬೇಕು. ಮುಂದಿನದ್ದೆಲ್ಲ ಅದನ್ನು ಇಟ್ಟುಕೊಂಡೇ ಹೇಳುತ್ತೇನೆ.

ತಾರಸಿಯಿಂದ ಶುರು ಮಾಡೋಣ. ಸೂರ್ಯ ನೆತ್ತಿಯ ಹತ್ತಿರ ಬರುವ ನಾಡುಗಳಲ್ಲಿ ಮನೆಗೆ ಅತಿ ಹೆಚ್ಚು ಬಿಸಿ ಇಳಿಯುವುದು ಮೇಲಿನಿಂದ. ಬೇಸಿಗೆಯ ನಡುಹಗಲು ಒಂದು ಚದರ ಮೀಟರ್ ತಾರಸಿಯ ಮೇಲೆ ಹೆಚ್ಚುಕಮ್ಮಿ 1000 ವ್ಯಾಟ್ ಬಿಸಿಲು ಬೀಳುತ್ತದೆ. 100 ಚದರ ಮೀಟರ್ ತಾರಸಿಯೆಂದರೆ 100 ಕಿಲೋವ್ಯಾಟ್. ಮಾಸಿದ ಸಿಮೆಂಟಿನ ತಾರಸಿ ಇದರಲ್ಲಿ ಮೂರನೇ ಎರಡು ಪಾಲನ್ನಾದರೂ ನುಂಗುತ್ತದೆ. ಮಧ್ಯಾಹ್ನ ಒಂದೆರಡು ಗಂಟೆಗೆ ಮೇಲ್ಮೈ ಕಾದು ಕೆಂಡವಾದರೂ, ಆರಿಂಚಿನ ಕಾಂಕ್ರೀಟು ಆ ಬಿಸಿಯನ್ನು ಕೆಳಗೆ ದಾಟಿಸಲು ನಾಲ್ಕೈದು ತಾಸು ತೆಗೆದುಕೊಳ್ಳುತ್ತದೆ. ಎಂದರೆ ನೀವು ಮನೆಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ ಚಾವಣಿ ಬೆಚ್ಚಗಾಗಿರುತ್ತದೆ, ಮಲಗುವವರೆಗೂ ಕೆಳಗೆ ಸೂಸುತ್ತಲೇ ಇರುತ್ತದೆ. ಫ್ಯಾನು ಹಾಕಿದರೆ ಬಿಸಿಗಾಳಿ ಬರುತ್ತದೆ ಎಂದು ಜನ ಗೊಣಗುವುದು ಇದಕ್ಕೇ.

ಹಳೆಯ ಹೆಂಚಿನ ಮಾಡು ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿತ್ತು. ಹೆಂಚು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹೆಂಚಿನ ಸಂದಿಗಳಿಂದ ಬಿಸಿಗಾಳಿ ಸೋರಿಹೋಗುತ್ತದೆ. ಕೆಳಗೆ ಅಟ್ಟ ಇರುವುದರಿಂದ ಕಾದ ಹೆಂಚಿಗೂ ಮನುಷ್ಯನ ತಲೆಗೂ ನಡುವೆ ಒಂದು ಇಡೀ ಗಾಳಿಯ ಪದರ. ಕೆಲಸ ಮಾಡುತ್ತಿದ್ದುದು ಹೆಂಚಿನ ಕೆಂಪು ಬಣ್ಣವಲ್ಲ, ಆ ಪದರ. ಈಗ ಎಲ್ಲೆಡೆ ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಗಾರೆಯಲ್ಲಿ ಹೆಂಚು ಅಂಟಿಸುತ್ತಾರೆ. ನೋಡಲು ಅದೇ ಮಾಡು, ಒಳಗೆ ಅದೇ ಸ್ಲ್ಯಾಬು. ಹೆಂಚು ಬೇಕೇ ಬೇಕೆಂದರೆ ಸ್ಲ್ಯಾಬಿನಿಂದ ಮೇಲೆ ರೀಪು ಹೊಡೆದು ಅದರ ಮೇಲೆ ಹೊದಿಸಿ, ಸೂರಿನ ಕಡೆ ಗಾಳಿ ಒಳಬರಲು, ನೆತ್ತಿಯಲ್ಲಿ ಹೊರಹೋಗಲು ಸಂದು ಬಿಡಿಸಿ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೋ ಹಳ್ಳಿಯ ಶಾಲೆಯಲ್ಲಿ ಫ್ರಾನ್ಸಿಸ್ ಕೆರೆ ಎಂಬ ವಾಸ್ತುಶಿಲ್ಪಿ ಮಾಡಿದ್ದು ಇದರ ದೊಡ್ಡ ರೂಪ: ಕೆಳಗೆ ಇಟ್ಟಿಗೆಯ ಚಾವಣಿ, ಅದಕ್ಕೆ ತಾಗದಂತೆ ಎತ್ತರದಲ್ಲಿ ತಗಡಿನ ಇನ್ನೊಂದು ಮಾಡು, ನಡುವೆ ಗಾಳಿ. ಆ ಶಾಲೆ ಮುಗಿದದ್ದು 2001ರಲ್ಲಿ. ವಾಸ್ತುಶಿಲ್ಪಿಗಳಿಗೆ ಕೊಡುವ, 2022ರ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೇ ಬಂತು.

ತಾರಸಿ ಸಮತಟ್ಟಾಗಿಯೇ ಇರಲಿ ಎಂದರೆ ಇನ್ನೂ ಸುಲಭ. ಸ್ಲ್ಯಾಬಿನ ಮೇಲೆ (ಕೆಳಗಲ್ಲ) ಎರಡಿಂಚು ದಪ್ಪದ, ಬಿಸಿ ದಾಟಗೊಡದ ಗಟ್ಟಿ ನೊರೆಯ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ ಇಳಿಜಾರಿನ ಕಾಂಕ್ರೀಟು, ಕೊನೆಗೆ ಬಿಳಿ ಚೂರು ಟೈಲು. ಎರಡಿಂಚಿನ ಆ ಹಲಗೆಯೊಂದೇ ಸ್ಲ್ಯಾಬಿನ ಮೂಲಕ ಇಳಿಯುವ ಬಿಸಿಯನ್ನು ಸುಮಾರು ಆರನೇ ಒಂದು ಪಾಲಿಗೆ ತರುತ್ತದೆ. ಮೇಲೆಯೇ ಹಾಕಿ ಎನ್ನುವುದಕ್ಕೆ ಕಾರಣವಿದೆ: ಸ್ಲ್ಯಾಬಿನ ತೂಕ ಆಗ ಮನೆಯ ಒಳಗಡೆಗೆ ಸೇರಿ, ರಾತ್ರಿ ಹಿಡಿದ ತಂಪನ್ನು ಹಗಲಿಗೆ ಉಳಿಸುತ್ತದೆ. ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿ ಹಾಕಿದರೆ ಬಿಸಿ ತಡೆಯುತ್ತದೆ, ಆದರೆ ಆ ತಂಪಿನ ಗಂಟು ಕೈತಪ್ಪುತ್ತದೆ. ಬಿಳಿ ಚೂರು ಟೈಲನ್ನು ಬಡವರ ಕೆಲಸ ಎಂದುಕೊಳ್ಳಬೇಡಿ. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ತಮ್ಮ ಸ್ವಂತ ಕಚೇರಿ ‘ಸಂಗಾತ್’ನ ಕಮಾನು ಮಾಡುಗಳಿಗೆ ಹೊದಿಸಿದ್ದು ಅದನ್ನೇ.

ಸೌರಫಲಕ ಹಾಕಿಸುವ ಯೋಚನೆಯಿದ್ದರೆ ತಾರಸಿಯಿಂದ ಎರಡೂವರೆ ಅಡಿಯಾದರೂ ಎತ್ತರದಲ್ಲಿ ಕೂರಿಸಿ. ವಿದ್ಯುತ್ತೂ ಬರುತ್ತದೆ, ಕೆರೆಯವರ ಎರಡನೇ ಮಾಡೂ ಬರುತ್ತದೆ.

ಇನ್ನು ಪಶ್ಚಿಮ. ನಿಮ್ಮ ರಸ್ತೆಯೇ ಆ ಕಡೆ ಇರುವುದರಿಂದ ಮುಂಬಾಗಿಲು, ದೊಡ್ಡ ಹಾಲು, ಅಗಲವಾದ ಗಾಜಿನ ಕಿಟಕಿ ಎಲ್ಲ ಅತ್ತಲೇ ಬಂದಿರುತ್ತವೆ ಎಂದು ನಕ್ಷೆ ನೋಡದೆಯೂ ಹೇಳಬಲ್ಲೆ. ಸಂಜೆ ನಾಲ್ಕರ ಸುಮಾರಿಗೆ ಬಿಸಿಲು ನೆಲಕ್ಕೆ 30 ಡಿಗ್ರಿಯಷ್ಟು ಓರೆಯಾಗಿ ನೇರ ಒಳಗೆ ನುಗ್ಗುತ್ತದೆ. ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಸಾದಾ ಗಾಜಿನ ಕಿಟಕಿಯ ಮೂಲಕ ಆ ಹೊತ್ತಿಗೆ ಒಂದೂವರೆ ಕಿಲೋವ್ಯಾಟಿನಷ್ಟು ಬಿಸಿ ಬರುತ್ತದೆ. ಹಾಲಿನ ನಡುವೆ ಒಂದು ಹೀಟರ್ ಹಚ್ಚಿಟ್ಟಂತೆ. ಒಂದು ಟನ್ನಿನ ಎ.ಸಿ. ಹೊರಹಾಕುವುದೇ 3.5 ಕಿಲೋವ್ಯಾಟ್. ಅದರಲ್ಲಿ ಸುಮಾರು ಅರ್ಧವನ್ನು ಒಂದೇ ಕಿಟಕಿ ತಿಂದುಹಾಕಿತು.

ಎರಡಡಿಯ ಚಜ್ಜದಿಂದ ಇದು ನಿಲ್ಲುವುದಿಲ್ಲ. ದಕ್ಷಿಣದ ಕಿಟಕಿಗೆ ಚಜ್ಜ ಸಾಕು, ಯಾಕೆಂದರೆ ಅಲ್ಲಿ ನಡುಹಗಲಿನ ಸೂರ್ಯ ಎತ್ತರದಲ್ಲಿರುತ್ತಾನೆ. ಸಮಭಾಜಕದಿಂದ 15 ಡಿಗ್ರಿ ಉತ್ತರದ ಊರಿನಲ್ಲಿ ಡಿಸೆಂಬರಿನಲ್ಲೂ ಅವನು 51 ಡಿಗ್ರಿ ಮೇಲಿರುತ್ತಾನೆ. 60 ಸೆಂ.ಮೀ. ಚಜ್ಜ ಅಲ್ಲಿ 75 ಸೆಂ.ಮೀ. ನೆರಳು ಕೊಡುತ್ತದೆ. ಪಶ್ಚಿಮದ ನಾಲ್ಕು ಗಂಟೆಯ ಬಿಸಿಲಿನಿಂದ ನಾಲ್ಕಡಿ ಎತ್ತರದ ಕಿಟಕಿಯನ್ನು ಉಳಿಸಬೇಕಾದರೆ ಮಾತ್ರ ಚಜ್ಜ ಎರಡು ಮೀಟರ್ ಚಾಚಬೇಕು. ಎರಡು ಮೀಟರ್ ಚಜ್ಜವನ್ನು ಯಾರೂ ಹಾಕುವುದಿಲ್ಲ, ಆದರೆ ಎರಡು ಮೀಟರ್ ಅಗಲದ ಮಾಡಿಗೆ ನಮ್ಮ ಭಾಷೆಯಲ್ಲಿ ಆಗಲೇ ಒಂದು ಹೆಸರಿದೆ: ಜಗಲಿ. ತೊಟ್ಟಿಗಾಗಿ ಎತ್ತಿಟ್ಟ ಜಾಗವನ್ನೂ ಹಣವನ್ನೂ ನೀವು ಮೊದಲು ಜಗಲಿಗೆ ಕೊಡಿ. ಮಳೆಗಾಲದಲ್ಲಿ ಬಟ್ಟೆ ಒಣಗುತ್ತದೆ, ಚಪ್ಪಲಿ ಇರುತ್ತದೆ, ಕಿಟಕಿ ಮುಚ್ಚದೆ ಗಾಳಿ ಬರುತ್ತದೆ, ಅತ್ತೆಯವರು ಬೆಳಗಿನ ಹೊತ್ತು ರಸ್ತೆ ನೋಡುತ್ತ ಕೂರುತ್ತಾರೆ. ಜಗಲಿಯ ಹಿಂದೆ, ಪಶ್ಚಿಮದ ಗೋಡೆಗುಂಟ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಸಾಲಾಗಿ ತನ್ನಿ. ಬಿಸಿಲನ್ನು ಅವು ಹೊರಲಿ, ಮಲಗುವ ಕೋಣೆಗಳು ಪೂರ್ವಕ್ಕೆ, ಉತ್ತರಕ್ಕೆ ಹೋಗಲಿ. ಮೇಲಂತಸ್ತಿನಲ್ಲಿ ಜಗಲಿಯಿಲ್ಲದ ಕಿಟಕಿಗೆ ಹೊರಗಡೆಯಿಂದ ಮುಚ್ಚುವ ಮರದ ಪಟ್ಟಿಯ ಬಾಗಿಲೋ ಬಿದಿರಿನ ಪರದೆಯೋ ಇರಲಿ. ಒಳಗಿನ ಪರದೆ ಹೆಚ್ಚು ಉಪಯೋಗಕ್ಕಿಲ್ಲ. ಬಿಸಿಲು ಗಾಜು ದಾಟಿ ಬಂದಾಯಿತು, ಇನ್ನು ಪರದೆಗೆ ತಾಗಿದರೇನು, ಸೋಫಾಕ್ಕೆ ತಾಗಿದರೇನು.

ದಪ್ಪ ಗೋಡೆಯ ಬಗ್ಗೆ ಒಂದು ಲೆಕ್ಕ. ಹಗಲು-ರಾತ್ರಿಯ ಬಿಸಿ-ತಂಪಿನ ಏರಿಳಿತಕ್ಕೆ ಇಟ್ಟಿಗೆ ಗೋಡೆಯಲ್ಲಿ ಚುರುಕಾಗಿ ಸ್ಪಂದಿಸುವುದು ಮೇಲ್ಮೈಯಿಂದ ನಾಲ್ಕೈದು ಇಂಚು ಮಾತ್ರ. ಒಂಬತ್ತಿಂಚಿನ ಗೋಡೆ ಹೊರಗಿನ ಬಿಸಿಯನ್ನು ಸುಮಾರು ಏಳು ತಾಸು ತಡಮಾಡಿ ಒಳಗೆ ಕಳಿಸುತ್ತದೆ. ನಿಮ್ಮ ಊರಿಗೆ ಅಷ್ಟು ಸಾಕು. ಹಳಬರು ಒಂದೂವರೆ ಅಡಿ, ಎರಡಡಿ ಕಟ್ಟಿದ್ದು ಬಹುಪಾಲು ಭಾರ ಹೊರಲು, ಯಾಕೆಂದರೆ ಮಣ್ಣಿಗೂ ಕಾಡುಕಲ್ಲಿಗೂ ಅಷ್ಟು ದಪ್ಪವಿಲ್ಲದೆ ನಿಲ್ಲಲಾಗದು. ನಿಮ್ಮ ನಿವೇಶನದಲ್ಲಿ ಸುತ್ತ ಜಾಗ ಬಿಟ್ಟು ಸುಮಾರು 9ಕ್ಕೆ 14 ಮೀಟರಿನ ಮನೆ ಬರುತ್ತದೆ ಎಂದುಕೊಳ್ಳೋಣ. ಹೊರಗೋಡೆಯ ಸುತ್ತಳತೆ 46 ಮೀಟರ್. ಒಂಬತ್ತಿಂಚನ್ನು ಹದಿನೆಂಟಿಂಚು ಮಾಡಿದರೆ ಪ್ರತಿ ಅಂತಸ್ತಿನಲ್ಲೂ ಹತ್ತು ಚದರ ಮೀಟರ್ ಗೋಡೆಗೇ ಹೋಯಿತು. ಅಂದರೆ ಒಂದು ಮಲಗುವ ಕೋಣೆ. ಆ ದುಡ್ಡಿನಲ್ಲಿ ಪಶ್ಚಿಮದ ಗೋಡೆಯನ್ನಷ್ಟೇ ಟೊಳ್ಳುಗೋಡೆಯಾಗಿ ಕಟ್ಟಿಸಿ. ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ರ‍್ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಕಟ್ಟುತ್ತಾರೆ. ಗೋಡೆ ಒಂಬತ್ತಿಂಚೇ, ನಡುವೆ ಟೊಳ್ಳು, ಇಟ್ಟಿಗೆ ಸುಮಾರು ಕಾಲು ಭಾಗ ಉಳಿತಾಯ. ಕಟ್ಟಿ ಅಭ್ಯಾಸವಿಲ್ಲದ ಮೇಸ್ತ್ರಿಯ ಕೈಯಲ್ಲಿ ಮಾತ್ರ ಮಾಡಿಸಬೇಡಿ. ಗಾರೆಯೆಲ್ಲ ಟೊಳ್ಳಿನೊಳಗೆ ಸುರಿದುಬಿಟ್ಟರೆ ಟೊಳ್ಳು ಉಳಿಯುವುದಿಲ್ಲ. ಮೊದಲು ಕಾಂಪೌಂಡ್ ಗೋಡೆಯ ಒಂದು ತುಂಡು ಕಟ್ಟಿಸಿ ನೋಡಿ.

ದಪ್ಪ ಗೋಡೆ ಎಲ್ಲ ಕಡೆಗೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿಯಷ್ಟು ಅಂತರವಿರುವ ಕಡೆ ಭಾರದ ಗೋಡೆ ಉಪಕಾರಿ. ನಿಮ್ಮಲ್ಲಿ 14 ಡಿಗ್ರಿ ಇದೆ, ಅದು ವರ. ಸಮುದ್ರದ ಮಗ್ಗುಲಿನ, ರಾತ್ರಿಯೂ ಬೆವರಿಳಿಯುವ ಊರಾಗಿದ್ದರೆ ಹಗುರ ಗೋಡೆ, ದೊಡ್ಡ ಕಿಟಕಿ ಎಂದು ಬೇರೆಯೇ ಉತ್ತರ ಬರೆಯುತ್ತಿದ್ದೆ.

ಈಗ ತೊಟ್ಟಿ. ಬಿಸಿಗಾಳಿ ತೊಟ್ಟಿಯ ಮೂಲಕ ಮೇಲೇರಿ ಹೋಗುತ್ತದೆ, ಅದರ ಜಾಗಕ್ಕೆ ತಂಪುಗಾಳಿ ಬರುತ್ತದೆ ಎಂದು ಎಲ್ಲರೂ ಬಾಣದ ಗುರುತು ಹಾಕಿ ಚಿತ್ರ ಬರೆಯುತ್ತಾರೆ. ಚಿತ್ರ ಸುಳ್ಳಲ್ಲ, ಬಾಣದ ಗಾತ್ರ ಸುಳ್ಳು. ಆರು ಮೀಟರ್ ಎತ್ತರ, ಒಳಗೂ ಹೊರಗೂ ಮೂರು ಡಿಗ್ರಿ ಅಂತರ ಇದ್ದಾಗ ಹುಟ್ಟುವ ಒತ್ತಡ 0.7 ಪಾಸ್ಕಲ್. ಎಲೆ ಅಲುಗುವಷ್ಟು ಗಾಳಿ, ಅಂದರೆ ಸೆಕೆಂಡಿಗೆ ಮೂರು ಮೀಟರ್ ವೇಗದ್ದು, ಗೋಡೆಗೆ ಬಡಿದರೆ ಐದು ಪಾಸ್ಕಲ್. ಸುತ್ತಲಿನ ಮನೆಗಳು ಅದನ್ನು ಅರ್ಧಕ್ಕೆ ಇಳಿಸಿದರೂ ಗಾಳಿಯದೇ ಮೇಲುಗೈ. ಇರಾನಿನ ಯಜ್ದ್ ನಗರದ ಗಾಳಿಗೋಪುರಗಳು ಜಗತ್ತಿಗೇ ಹೆಸರುವಾಸಿ. ಅಲ್ಲಿನ ದೌಲತಾಬಾದ್ ಉದ್ಯಾನದ ಗೋಪುರ 33 ಮೀಟರ್ ಎತ್ತರವಿದೆ. ಅಷ್ಟೆತ್ತರಕ್ಕೆ ಹೋದದ್ದು ಮೇಲಿನ ಜೋರು ಗಾಳಿಯನ್ನು ಹಿಡಿದು ಕೆಳಗಿಳಿಸಲು. ಎರಡಂತಸ್ತಿನ ಮನೆಯ ಮೇಲೆ ಮೂರಡಿಯ ಗೂಡು ಕಟ್ಟಿ ಅದೇ ಫಲ ನಿರೀಕ್ಷಿಸುವವರನ್ನು ಕಂಡಾಗ ನನಗೆ ಏನು ಹೇಳಬೇಕೆಂದು ತೋಚುವುದಿಲ್ಲ.

ಹಾಗಾದರೆ ತೊಟ್ಟಿ ದಂಡವೇ? ಅಲ್ಲ. ಅದರ ನಿಜವಾದ ಉಪಕಾರ, ಪ್ರತಿ ಕೋಣೆಗೂ ಎದುರುಬದುರು ಎರಡು ಕಡೆ ಕಿಟಕಿ ಸಿಗುವಂತೆ ಮಾಡುವುದು. ಒಂದೇ ಗೋಡೆಗೆ ಕಿಟಕಿಯಿರುವ ಕೋಣೆಗೆ ಎಷ್ಟು ದೊಡ್ಡ ಕಿಟಕಿಯಿಟ್ಟರೂ ಗಾಳಿ ಬಾಗಿಲಲ್ಲೇ ನಿಂತುಬಿಡುತ್ತದೆ. ಹೊರಹೋಗುವ ದಾರಿಯಿದ್ದರೆ ತಾನೇ ಒಳಬರುವುದು? ಇದರ ಜೊತೆಗೆ ಬೆಳಕು. ರಾತ್ರಿ ತಿಳಿ ಆಕಾಶಕ್ಕೆ ಮುಖಮಾಡಿದ ಅಂಗಳದ ನೆಲ ಚೆನ್ನಾಗಿ ಆರುತ್ತದೆ, ಆ ತಂಪು ಬೆಳಗಿನ ಒಂದಷ್ಟು ಹೊತ್ತು ನಿಲ್ಲುತ್ತದೆ.

ಇದಕ್ಕೆ ತೊಟ್ಟಿ ನಟ್ಟನಡುವೆಯೇ ಇರಬೇಕಾಗಿಲ್ಲ. ಒಂಬತ್ತು ಮೀಟರ್ ಅಗಲದ ಮನೆಯ ನಡುವೆ ಮೂರು ಮೀಟರ್ ತೊಟ್ಟಿ ಕೊರೆದರೆ ಎರಡೂ ಮಗ್ಗುಲಿಗೆ ಉಳಿಯುವುದು ಮೂರು ಮೂರು ಮೀಟರ್. ಅದರಲ್ಲೇ ಗೋಡೆ, ಅದರಲ್ಲೇ ಸುತ್ತ ಓಡಾಡುವ ಪಡಸಾಲೆ. ಕೋಣೆಗಳು ರೈಲು ಬೋಗಿಯಂತಾಗುತ್ತವೆ. ಹಳೆಯ ತೊಟ್ಟಿ ಮನೆಗಳಿಗೆ ಇದಕ್ಕಿಂತ ಎಷ್ಟೋ ವಿಶಾಲವಾದ ಜಾಗವಿತ್ತು. ನಿಮ್ಮದನ್ನು ಮನೆಯ ಪೂರ್ವದ ಅಂಚಿಗೆ ತಳ್ಳಿ. ಮೂರು ಕಡೆ ಮನೆ, ನಾಲ್ಕನೆಯ ಕಡೆ ಎತ್ತರದ ಜಾಲಿ (ಕಿಂಡಿಗಳಿರುವ) ಗೋಡೆ. ಮಧ್ಯಾಹ್ನದ ಬಿಸಿಲಿಗೆ ಎರಡಂತಸ್ತಿನ ಮನೆಯೇ ಅಡ್ಡ ನಿಲ್ಲುವುದರಿಂದ ಅಂಗಳ ಮೂರರ ಹೊತ್ತಿಗೆ ನೆರಳಲ್ಲಿರುತ್ತದೆ. ಮಕ್ಕಳು ಶಾಲೆಯಿಂದ ಬರುವ ಹೊತ್ತೂ ಅದೇ.

ಅದರ ಮೇಲೆ ಗಾಜು ಯಾಕೆ ಬೇಡ ಎಂಬುದು ಈಗ ಅರ್ಧ ಅರ್ಥವಾಗಿರಬೇಕು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ನೆಲ ಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಗಾಳಿಗೆ ಹೋಗಲು ದಾರಿಯಿಲ್ಲ, ರಾತ್ರಿ ಆಕಾಶಕ್ಕೆ ಆರುವ ಅವಕಾಶವೂ ಇಲ್ಲ. ಸಸಿ ಬೆಳೆಸುವ ಹಸಿರುಮನೆಗಳನ್ನು ಕಟ್ಟುವುದು ಹೀಗೆಯೇ. ಪಾಲಿಕಾರ್ಬೊನೇಟ್ ಹಾಳೆಯೂ ಬೇರೆಯಲ್ಲ, ಮೇಲಾಗಿ ಮಳೆ ಬಂದರೆ ಟಿ.ವಿ. ಕೇಳಿಸದು. ನಿಮ್ಮ ಮೂರು ಭಯಗಳಿಗೆ ಮೂರು ಬೇರೆ ಬೇರೆ ಉಪಾಯ ಬೇಕು. ಕಳ್ಳರಿಗೆ ಕಬ್ಬಿಣದ ಗ್ರಿಲ್, ಅದಕ್ಕೆ ಆಕಾಶ ಅಡ್ಡಿಯಲ್ಲ. ಸೊಳ್ಳೆಗೆ ಜಾಲರಿಯನ್ನು ಅಂಗಳಕ್ಕಲ್ಲ, ಅಂಗಳಕ್ಕೆ ತೆರೆಯುವ ಕಿಟಕಿ-ಬಾಗಿಲುಗಳಿಗೆ ಹಾಕಿ. ಜಾಲರಿ ಗಾಳಿಯನ್ನು ಮೂರನೇ ಒಂದು ಪಾಲಾದರೂ ತಡೆಯುತ್ತದೆ, ಅದಕ್ಕೆ ತಕ್ಕಂತೆ ಕಿಟಕಿಯನ್ನು ಮೊದಲೇ ದೊಡ್ಡದು ಮಾಡಿ. ಮಳೆಗೆ ಮೊದಲ ಉಪಾಯ ಒಳಸೂರು ಮೂರಡಿ ಚಾಚುವುದು, ನೆಲ ಒಂದು ಮೆಟ್ಟಿಲು ತಗ್ಗಿರುವುದು, ನೀರು ಹೋಗುವ ಕೊಳವೆ ಲೆಕ್ಕಕ್ಕಿಂತ ದಪ್ಪವಿರುವುದು. ಎರಡು ಕೊಳವೆ ಇಡಿ, ಒಂದು ಎಲೆ ಕಟ್ಟಿಕೊಳ್ಳುವುದು ಖಂಡಿತ. ಇಷ್ಟಾಗಿಯೂ ಮುಚ್ಚಲೇಬೇಕೆಂದರೆ, ಅಂಗಳದ ಮೇಲೆ ನಾಲ್ಕಡಿ ಎತ್ತರಿಸಿ, ನಾಲ್ಕೂ ಬದಿ ತೆರೆದ, ಬಿಸಿಲು ಬಿಡದ ಮಾಡು ಹಾಕಿ. ಬೆಳಕು ಬದಿಗಳಿಂದ ಬಂದರೆ ಸಾಕು.

ರಾತ್ರಿಯ ವಿಷಯಕ್ಕೆ ಬರುತ್ತೇನೆ, ನನ್ನ ಹಳೆಯ ತಪ್ಪಿಗೆ. ನಿಮ್ಮಲ್ಲಿ ರಾತ್ರಿ 24 ಡಿಗ್ರಿಯ ಗಾಳಿ ಪುಕ್ಕಟೆ ಸಿಗುತ್ತದೆ. ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅದು ಮನೆಯನ್ನೆಲ್ಲ ತಾಸಿಗೆ ಹತ್ತು ಬಾರಿಯಾದರೂ ತೊಳೆದುಹೋಗಬೇಕು. ಅದಕ್ಕೆ ಪ್ರತಿ ಕಿಟಕಿಯನ್ನೂ ಎರಡು ಮಾಡಿ: ಕೆಳಗಿನದು ನೋಡಲು, ಮೇಲಿನದು ಗಾಳಿಗೆ. ಮೇಲಿನ ಭಾಗಕ್ಕೆ ಗ್ರಿಲ್, ಜಾಲರಿ, ಮಳೆ ಎರಚದಂಥ ಓರೆ ಪಟ್ಟಿ, ಮತ್ತು ಕೈಗೆಟುಕುವ ಒಂದು ಹಿಡಿ. ಕೋಣೆಗಳ ಒಳಬಾಗಿಲ ಮೇಲೆಯೂ ಹಾಗೆಯೇ ತೆರೆಯುವ ವೆಂಟಿಲೇಟರ್ ಇರಲಿ, ಇಲ್ಲದಿದ್ದರೆ ಬಾಗಿಲು ಹಾಕಿ ಮಲಗಿದೊಡನೆ ಗಾಳಿಯ ದಾರಿ ಕಡಿಯುತ್ತದೆ. ಮೆಟ್ಟಿಲು ತಾರಸಿಗೆ ಹೋಗುವ ಕಡೆ, ಎತ್ತರದ ಗೋಡೆಯಲ್ಲಿ ಒಂದು ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಗಾಳಿಯಿಲ್ಲದ ರಾತ್ರಿಗಳಲ್ಲಿ ಮನೆಯ ಬಿಸಿಯನ್ನೆಲ್ಲ ಅದು ಎಳೆದುಹಾಕುತ್ತದೆ. ಬೆಳಿಗ್ಗೆ ಎಂಟಕ್ಕೆ ಎಲ್ಲ ಮುಚ್ಚಿ ಹೊರಡಿ. ಹಗಲು ಮುಚ್ಚಿದ ಮನೆ ತಂಪಾಗಿರುತ್ತದೆ ಎಂದರೆ ಮೊದಲ ವಾರ ಯಾರೂ ನಂಬುವುದಿಲ್ಲ, ಒಂದು ಥರ್ಮಾಮೀಟರ್ ತೂಗುಹಾಕಿ.

ಎ.ಸಿ. ಪೂರ್ತಿ ಬೇಡವಾಗುತ್ತದೆಯೇ? ನಾನು ಹಾಗೆ ಮಾತು ಕೊಡಲಾರೆ. ಸೆಕೆಂಡಿಗೆ ಒಂದು ಮೀಟರ್ ಗಾಳಿ ಬೀಸಿದರೆ ಮೈಗೆ ಸುಮಾರು ಮೂರು ಡಿಗ್ರಿ ತಂಪೆನಿಸುತ್ತದೆ. ಬಿಎಲ್‌ಡಿಸಿ (ಕಡಿಮೆ ವಿದ್ಯುತ್ತಿನ ಮೋಟಾರಿನ) ಫ್ಯಾನು ಇದನ್ನು 30 ವ್ಯಾಟಿನಲ್ಲಿ ಕೊಡುತ್ತದೆ, ಒಂದು ಟನ್ನಿನ ಎ.ಸಿ.ಗೆ ಕಿಲೋವ್ಯಾಟಿನ ಸುಮಾರು ಬೇಕು. ಆದರೆ ಕೋಣೆಯ ಗಾಳಿಯೇ ಮೈಯಷ್ಟು ಬಿಸಿಯಾದ ದಿನ ಫ್ಯಾನಿನಿಂದ ಪ್ರಯೋಜನ ಕಡಿಮೆ, ವಯಸ್ಸಾದವರಿಗೆ ಅಂಥ ದಿನ ಅಪಾಯವೂ ಹೌದು. ಮೇಲೆ ಹೇಳಿದ್ದನ್ನೆಲ್ಲ ಮಾಡಿದ ಮೇಲೆ, ನೆಲಮಹಡಿಯ ಈಶಾನ್ಯದ ಕೋಣೆಯನ್ನು ಅತ್ತೆಯವರಿಗೆ ಕೊಟ್ಟು, ಅದೊಂದರ ಕಿಟಕಿ-ಬಾಗಿಲುಗಳನ್ನು ಸಂದಿಯಿಲ್ಲದಂತೆ ಮಾಡಿಸಿ ಸಣ್ಣ ಎ.ಸಿ. ಇಡಿ. ತೀರಾ ಸುಡುವ ಹತ್ತಿಪ್ಪತ್ತು ದಿನ ಮಕ್ಕಳೂ ಅಲ್ಲೇ ಮಲಗಲಿ. ಋತುವಿಗೆ ತಕ್ಕಂತೆ ಕೋಣೆ ಬದಲಿಸುವುದು ಹಳೆಯ ಮನೆಗಳ ರೂಢಿಯೇ.

ಮಿಕ್ಕ ಸಾಮಗ್ರಿಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಒಳ್ಳೆಯ ಮಣ್ಣು ಹತ್ತಿರದಲ್ಲೇ ಸಿಕ್ಕರೆ ಶೇ 7-8 ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಬಳಸಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ. ದೂರದಿಂದ ಲಾರಿಯಲ್ಲಿ ತರಿಸುವುದಾದರೆ ಅದರಲ್ಲಿ ಉಳಿತಾಯವೇನೂ ಇಲ್ಲ. ಹಳೆಯ ಮರದ ಕಂಬಗಳನ್ನು ಕೊಳ್ಳುವ ಮೊದಲು ಬುಡದಲ್ಲಿ ಗೆದ್ದಲು ನೋಡಿ.

ನಕ್ಷೆಗೆ ಒಪ್ಪಿಗೆ ಹಾಕುವ ಮೊದಲು ಒಂದು ಕೆಲಸ. ಖಾಲಿ ನಿವೇಶನಕ್ಕೆ ಬೇಸಿಗೆಯಲ್ಲಿ ಮೂರು ಸಲ ಹೋಗಿ: ಬೆಳಿಗ್ಗೆ ಏಳಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ. ನಾಲ್ಕು ಗಂಟೆಗೆ ಒಂದು ಕೋಲು ನೆಟ್ಟು ನೆರಳಿನ ಉದ್ದ ಅಳೆಯಿರಿ, ರಾತ್ರಿ ಒಂದು ಊದುಬತ್ತಿ ಹಚ್ಚಿ ಹೊಗೆ ಎತ್ತ ವಾಲುತ್ತದೆ ನೋಡಿ, ಪಕ್ಕದ ಮನೆಯ ಗೋಡೆ ಎಲ್ಲಿ ಅಡ್ಡ ಬರುತ್ತದೆ ಗುರುತು ಹಾಕಿಕೊಳ್ಳಿ. ಆ ಮೂರು ಗುರುತುಗಳ ಕಾಗದವನ್ನು ನಕ್ಷೆಯ ಪಕ್ಕದಲ್ಲಿಟ್ಟು, ಪ್ರತಿ ಕಿಟಕಿಯನ್ನೂ ತೋರಿಸಿ ನಿಮ್ಮ ಆರ್ಕಿಟೆಕ್ಟ್‌ರನ್ನು ಕೇಳಿ: ಇದರೊಳಗೆ ಬಂದ ಗಾಳಿ ಯಾವ ಕಿಟಕಿಯಿಂದ ಹೊರಗೆ ಹೋಗುತ್ತದೆ?